ಶಾಪವಿಲ್ಲದ ಪಾತ್ರ

ದಳವಾಯಿ ಮುದ್ದರಸನ ಹಜಾರದಲ್ಲಿ ಸಂಜೆಯಾದರೆ ಕಥೆಯಾಟ ನಡೆಯುತ್ತಿತ್ತು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಎಲ್ಲರೂ ಕೂಡಿ ಒಂದು ಅದ್ಭುತ ಕಥೆಯನ್ನು ಮುಂದಕ್ಕೆ ನಡೆಸುವ ಆಟವದು. ಪಾತ್ರಗಳನ್ನು ಕಟ್ಟಿಕೊಡುತ್ತಿದ್ದವನು ಕುಂಟನಾದ ಒಬ್ಬ ಊಳಿಗದವನು. ತನ್ನ ಕುದುರೆಗೆ ದಾರಿ ಬಿಡುವುದು ತಡವಾಯಿತೆಂದು ಹಿಂದೊಮ್ಮೆ ದಳವಾಯಿಯೇ ಅವನ ಕಾಲು ಮುರಿಸಿದ್ದನು. ಯಾವ ಪಾತ್ರಕ್ಕೇ ಆಗಲಿ, ವರ ಕೊಟ್ಟರೆ ಜೊತೆಗೊಂದು ಶಾಪವನ್ನೂ ಕೊಡುವುದು ಆ ಊಳಿಗದವನ ಕಟ್ಟಳೆ.

ಒಂದು ದಿನ ದಳವಾಯಿ ಗದರಿದನು: "ಲೋ, ನನ್ನ ಪಾತ್ರಕ್ಕೆ ವರಗಳೆಲ್ಲವೂ ಇರಲಿ. ಶಾಪವೊಂದು ಕಂಡರೂ ನಿನ್ನ ಇನ್ನೊಂದು ಕಾಲೂ ಉಳಿಯದು."

"ಅಪ್ಪಣೆ, ಬುದ್ಧಿ."

ಸಾವಿಲ್ಲದ, ಸೋಲಿಲ್ಲದ, ಅಳಲಿಲ್ಲದ, ಎಲ್ಲವನ್ನೂ ಬಲ್ಲ ಚಕ್ರವರ್ತಿಯೊಬ್ಬನನ್ನು ಅವನು ಕಟ್ಟಿಕೊಟ್ಟನು. ಆಟ ತೊಡಗಿತು. ರಕ್ಕಸನಾದ ಸೇನಬೋವನು ಚಕ್ರವರ್ತಿಯನ್ನು ಕಂಡೊಡನೆ, "ತಮ್ಮೊಡನೆ ಕಾದಿ ಫಲವೇನು?" ಎಂದು ಕೈಮುಗಿದು ಹೊರಟುಹೋದನು. ಯಕ್ಷನಾದ ಪುರೋಹಿತನು, "ತಮಗೆ ತಿಳಿಯದ ಒಗಟು ನನ್ನಲ್ಲಿಲ್ಲ" ಎಂದು ಪಕ್ಕಕ್ಕೆ ಸರಿದನು. ಕಥೆಯೆಲ್ಲವೂ ಒಬ್ಬ ಕುಂಟ ಕಾವಲುಗಾರನ ಕಡೆಗೆ ಹರಿಯಿತು. ಆ ಪಾತ್ರ ಊಳಿಗದವನದೇ. ಅವನು ಬೆಟ್ಟವೇರುವಾಗ ರಕ್ಕಸನೇ ಹೆಗಲು ಕೊಟ್ಟನು. ಎಡವಿದಾಗ ಎಲ್ಲರೂ ಉಸಿರು ಬಿಗಿಹಿಡಿದರು. ದಳವಾಯಿಯನ್ನು ಯಾರೂ ಮಾತನಾಡಿಸಲಿಲ್ಲ.

"ನನಗೂ ಒಂದು ಶಾಪ ಕೊಡೋ!" ಎಂದು ಕೊನೆಗೆ ಅವನು ಕೂಗಿಕೊಂಡನು. "ಆ ಕುಂಟುಕಾಲನ್ನೇ ಕೊಡು!"

"ಕೊಡುವುದೇನು ಬಂತು, ಬುದ್ಧಿ?" ಎಂದನು ಊಳಿಗದವನು. "ಅದು ತಾವು ಕೊಟ್ಟದ್ದೇ. ಹಿಂದಕ್ಕೆ ತೆಗೆದುಕೊಳ್ಳಿ."

ದಳವಾಯಿ ಆ ಸಂಜೆಯೆಲ್ಲ ಬಲು ಚೆನ್ನಾಗಿ ಕುಂಟಿದನು. ಆಟ ಮುಗಿದೊಡನೆ ನೆಟ್ಟಗೆ ನಡೆದು ಒಳಗೆ ಹೋದನು. ಊಳಿಗದವನು ತನ್ನ ಊರುಗೋಲಿಗಾಗಿ ಕೈ ಚಾಚಿದನು.