ನಿಧಾನ ತಿಳಿಯದ ಪಾಲಿಶ್ ಯಂತ್ರ

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕಾರಿನ ಬಣ್ಣಕ್ಕೆ ಹೊಳಪು ಕೊಡುವ ಎರಡು ಪಾಲಿಶ್ ಯಂತ್ರಗಳು ಮಾರಾಟಕ್ಕಿದ್ದವು. ದೊಡ್ಡದು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತಿತ್ತು. ಅದಕ್ಕಿಂತ ಕಡಿಮೆ ತಿರುಗುವುದು ತನ್ನ ಘನತೆಗೆ ಕುಂದೆಂದು ಭಾವಿಸಿತ್ತು. ಅಂದು ಪೇಂಟರ್ ಮೆಹಬೂಬಸಾಬರು ಬರುವವರಿದ್ದರು. ಅವರ ಕೈ ಸೇರಿದರೆ ಊರಿನ ಒಳ್ಳೊಳ್ಳೆಯ ಕಾರುಗಳ ಮೈ ಮುಟ್ಟುವ ಭಾಗ್ಯ.

"ತಮ್ಮಾ, ಬೇಸರ ಮಾಡಿಕೊಳ್ಳಬೇಡ" ಎಂದು ಅದು ಪಕ್ಕದ ಸಣ್ಣ ಯಂತ್ರಕ್ಕೆ ಮುಂಚಿತವಾಗಿಯೇ ಸಮಾಧಾನ ಹೇಳಿತು.

ಪರೀಕ್ಷೆಗೆಂದು ಇಟ್ಟಿದ್ದ ಹಳೆಯ ಬಾನೆಟ್ ನಕ್ಕಿತು. "ನನ್ನ ಅಂಚಿನಲ್ಲಿ ಬಣ್ಣ ಸುಟ್ಟು ತಗಡು ಕಾಣುತ್ತಿದೆಯಲ್ಲ, ಅದು ನಿಮ್ಮ ಅಣ್ಣನವರ ಪರಾಕ್ರಮ."

"ಬಣ್ಣವೇ ಪುಕ್ಕಲಾದರೆ ಅಣ್ಣನೇನು ಮಾಡಿಯಾನು?" ಎಂದಿತು ದೊಡ್ಡದು.

ಸಾಬರು ಬಂದವರೇ ದೊಡ್ಡದನ್ನು ತೋರಿಸಿ ಅಂಗಡಿಯವನನ್ನು ಕೇಳಿದರು: "ಸಾವ್ಕಾರ್ರ, ಇದು ಎಷ್ಟು ಸಾವಕಾಶ ತಿರುಗ್ತೈತಿ?"

ದೊಡ್ಡ ಯಂತ್ರಕ್ಕೆ ಮೈಯುರಿಯಿತು. ಪೈಲ್ವಾನನನ್ನು ಕರೆದು, ಎಷ್ಟು ಹಗುರವಾದದ್ದನ್ನು ಎತ್ತುತ್ತೀ ಎಂದು ಕೇಳುವುದುಂಟೆ? ಗುಂಡಿ ಒತ್ತಿದೊಡನೆ ಅದು ಪೂರ್ಣ ವೇಗದಲ್ಲಿ ಗರ್ಜಿಸಿತು. ಬಾನೆಟ್ ಮೇಲೆ ಹಾಕಿದ್ದ ಪಾಲಿಶೆಲ್ಲ ಸಾಬರ ಗಡ್ಡಕ್ಕೆ ಹಾರಿತು.

ಸಣ್ಣದು ಆರುನೂರು ಸುತ್ತಿನಲ್ಲಿ ಮೆಲ್ಲಗೆ ಶುರುಮಾಡಿ, ಪಾಲಿಶನ್ನು ಬೆಣ್ಣೆ ಸವರಿದಂತೆ ಹರಡಿ, ಆಮೇಲೆ ವೇಗ ಹಿಡಿಯಿತು. ಸಾಬರು ಗಡ್ಡ ಒರೆಸಿಕೊಂಡು ಅದನ್ನೇ ಕಟ್ಟಿಸಿಕೊಂಡು ಹೋದರು.

ದೊಡ್ಡದನ್ನು ಮರುವಾರ ಕಬ್ಬಿಣದ ಗೇಟುಗಳ ತುಕ್ಕು ತೆಗೆಯುವವನೊಬ್ಬ ಒಯ್ದ. ಈಗ ಅದು ಪ್ರತಿಯೊಂದು ಗೇಟಿಗೂ ತಪ್ಪದೆ ಹೇಳುತ್ತದೆ: "ಕಾರುಗಳು ಬಹಳ ಬೇಡಿಕೊಂಡವು. ನಾನೇ ಒಲ್ಲೆನೆಂದೆ. ಅವುಗಳ ಮೈ ತೀರಾ ಮೆದು."