ಹಾಲೆಮರದ ಮಗ

ಬಾಲಿ ದ್ವೀಪದ ಗುಡಿಯಂಗಳದಲ್ಲಿ ಒಂದು ಹಾಲೆಮರ. ತನ್ನ ಕೊಂಬೆ ಕಡಿದು ಕೆತ್ತಿದ ಮುದುಕನ ಮುಖವಾಡಕ್ಕಾಗಿ ಅದು ವರ್ಷಗಟ್ಟಲೆ ಹಂಬಲಿಸುತ್ತಿತ್ತು. ಕೊನೆಗೊಂದು ಹಬ್ಬಕ್ಕೆ ಕುಣಿತದವರು ಆ ಮುಖವಾಡವನ್ನು ಅಲ್ಲಿಗೇ ತಂದರು. ಬಣ್ಣ ಬಳಿದು ನರೆಗೂದಲು ಅಂಟಿಸಿದ ಆ ಮುಖದ ಗುರುತೇ ಮರಕ್ಕೆ ಸಿಗಲಿಲ್ಲ.

"ನನ್ನ ಮಗನೇ ಆಗಿದ್ದರೆ ಒಮ್ಮೆ ಅಮ್ಮಾ ಅನ್ನಪ್ಪಾ" ಎಂದಿತು ಮರ.

"ಅವನೆಲ್ಲಿ ಅಂದಾನು ತಾಯೀ?" ಎಂದಿತು ಪಕ್ಕದಲ್ಲಿದ್ದ ವಿದೂಷಕನ ಮುಖವಾಡ. "ಮಾತೆಲ್ಲ ನಮ್ಮಂಥ ಅರೆಮುಖದವರಿಗೆ; ನಮ್ಮ ಕೆಳಗೆ ಕುಣಿಯುವವನ ಬಾಯಿ ತೆರೆದೇ ಇರುತ್ತದೆ. ಪೂರ್ತಿ ಮುಖಕ್ಕೆ ಬಾಯಿ ಮುಚ್ಚಿಯೇ ಕೆತ್ತುವುದು ಇಲ್ಲಿಯ ಪದ್ಧತಿ. ಅವನ ಪರವಾಗಿ ನಾನೇ ಕೂಗಲೇ?"

"ಬಾಡಿಗೆ ಬಾಯಿ ನನಗೆ ಬೇಡ."

ವಾದ್ಯ ಶುರುವಾಯಿತು. ಮುದುಕನ ಕುಣಿತದಲ್ಲಿ ಮುಖವಾಡ ಮೆಲ್ಲಗೆ ನಡುಗಿತು. ಸಂಜೆಗಾಳಿಗೆ ಆ ಕೊಂಬೆ ನಡುಗುತ್ತಿದ್ದುದೂ ಹೀಗೆಯೇ.

"ಸಾಕು ಮಗನೇ" ಎಂದಿತು ಮರ. "ಕೇಳಿಸಿತು."