ಸಪ್ಪೆ ವರ್ಷದ ಸಾಕ್ಷಿ

“ಗುರುಗಳೇ, ದೊಡ್ಡವರಿಬ್ಬರು ಜಗಳವಾಡುವಾಗ ಚಿಕ್ಕವನು ಯಾರ ಪರ ನುಡಿದರೆ ಕ್ಷೇಮ?”

ಹೀಗೆ ಕೇಳಿದವನು ಸಿದ್ಧರಸ. ಹನ್ನೆರಡು ಹಳ್ಳಿಗಳ ಒಂದು ಪುಟ್ಟ ದೇಶದ ಹೊಸ ರಾಯಭಾರಿ. ಆ ದೇಶದ ಮೂಡಲಿಗೆ ಒಂದು ದೊಡ್ಡ ರಾಜ್ಯ, ಪಡುವಲಿಗೆ ಇನ್ನೊಂದು. ಎರಡೂ ರಾಜ್ಯಗಳು ಹೊಳೆಯ ನಡುಗಡ್ಡೆಯೊಂದು ತಮ್ಮದೆಂದು ಕಚ್ಚಾಡುತ್ತಿದ್ದವು. ಇನ್ನು ಹತ್ತು ದಿನಕ್ಕೆ ಅರಸರ ಸಭೆ. ಅಲ್ಲಿ ಪ್ರತಿ ದೇಶವೂ ಎದ್ದು ನಿಂತು ನಡುಗಡ್ಡೆ ಯಾರದೆಂದು ಒಂದು ಮಾತು ಹೇಳಬೇಕು. ಹೊರಡುವ ಮುಂಚೆ ಸಿದ್ಧರಸ ತನಗೆ ಅಕ್ಷರ ಕಲಿಸಿದ ಗುರುಗಳನ್ನು ಕಾಣಲು ಬಂದಿದ್ದ. ಅವನ ತಲೆಯ ಮೇಲೆ ಹೊಸ ಜರಿಪೇಟವಿತ್ತು. ಪಡುವಣ ಅರಸರು ಪ್ರೀತಿಯಿಂದ ಕಳಿಸಿಕೊಟ್ಟದ್ದು ಎಂದು ಬಂದ ಕೂಡಲೇ ಅವನೇ ಹೇಳಿದ್ದ.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಸುಮ್ಮನಿದ್ದುಬಿಡೋಣ ಅನ್ನಿಸಲಿಲ್ಲವೆ ನಿನಗೆ?”

“ಅನ್ನಿಸಿತು. ನಾಡಗೌಡರೂ ಅದನ್ನೇ ಹೇಳಿದರು. ನಮ್ಮಂಥವರ ಮಾತಿಗೆ ಅಲ್ಲಿ ಏನು ಬೆಲೆ, ಗುರುಗಳೇ? ನಮ್ಮ ದೇಶದ ಈ ತುದಿಯಲ್ಲಿ ಕೋಳಿ ಕೂಗಿದರೆ ಆ ತುದಿಯಲ್ಲಿ ಎಚ್ಚರವಾಗುತ್ತದೆ.”

“ಹೌದು. ಆ ಕೋಳಿ ಒಂದು ಸಲ ಇಬ್ಬರು ಅರಸರನ್ನು ಎಬ್ಬಿಸಿದೆ. ಕುಳಿತುಕೋ, ಹೇಳುತ್ತೇನೆ” ಎಂದು ಗುರುಗಳು ಈ ಕತೆ ಹೇಳಿದರು.

ನಿನ್ನ ಅಜ್ಜಿ ಹುಟ್ಟಿದ ಕಾಲದ ಮಾತು ಇದು. ಆಗಿನ ಮೂಡಣ ಅರಸನಿಗೆ ಬಡಗಣ ದೇಶದ ಒಂದು ಕೆರೆಯ ಮೇಲೆ ಕಣ್ಣು ಬಿತ್ತು. ಬಡಗಣ ದೇಶವೂ ನಮ್ಮ ಹಾಗೆ ಚಿಕ್ಕದು. ನಮಗಿಂತ ನಾಲ್ಕು ಹಳ್ಳಿ ಹೆಚ್ಚು, ಅಷ್ಟೆ. ಒಂದು ಬೇಸಗೆಯಲ್ಲಿ ಅರಸನ ಆಳುಗಳು ಗಡಿಕಲ್ಲುಗಳನ್ನು ಕಿತ್ತು ಕೆರೆಯ ಆಚೆಯ ದಡದಲ್ಲಿ ನೆಟ್ಟರು. ಆಮೇಲೆ ಕಲ್ಲುಗಳು ಮೊದಲಿನಿಂದಲೂ ಅಲ್ಲೇ ಇದ್ದವು ಎಂದು ಡಂಗುರ ಹೊಡೆಸಿದರು. ಬಡಗಣದವರು ಅಳುತ್ತ ಅರಸರ ಸಭೆಗೆ ದೂರು ಕೊಟ್ಟರು.

ನಮಗೂ ಸಭೆಯ ಓಲೆ ಬಂತು. ನಮ್ಮವರು ಇಕ್ಕಟ್ಟಿಗೆ ಸಿಕ್ಕಿದರು. ಏಕೆಂದರೆ ನಮ್ಮ ದೇಶಕ್ಕೆ ಉಪ್ಪು ಬರುತ್ತಿದ್ದುದು ಮೂಡಣ ರಾಜ್ಯದ ದಾರಿಯಲ್ಲಿ. ಪಡುವಣ ರಾಜ್ಯದಲ್ಲೂ ಉಪ್ಪಿತ್ತು. ಆದರೆ ಅಲ್ಲಿನ ಅರಸ ಉಪ್ಪನ್ನು ಮಾರುತ್ತಿರಲಿಲ್ಲ, ಪುಕ್ಕಟೆ ಕೊಡುತ್ತಿದ್ದ. ಯಾರಿಗೆ ಕೊಟ್ಟನೋ ಅವರನ್ನು ತನ್ನವರು ಎಂದು ಕರೆಯುತ್ತಿದ್ದ. ಹಾಗೆ ಅವನವರಾದ ನಾಲ್ಕು ದೇಶಗಳ ಹೆಸರು ಈಗ ಯಾರಿಗೂ ನೆನಪಿಲ್ಲ.

ಆಗಿನ ನಮ್ಮ ರಾಯಭಾರಿ ಒಬ್ಬ ಪಂಡಿತ. ನಾಲ್ಕು ಭಾಷೆ ಬಲ್ಲವನು. ಓಲೆ ಓದಿದ ದಿನವೇ ಅವನಿಗೆ ಹೊಟ್ಟೆನೋವು ಹತ್ತಿತು. ಸಭೆ ಮುಗಿಯುವ ತನಕ ಅದು ಇಳಿಯುವ ಹಾಗೆ ಕಾಣಲಿಲ್ಲ. ನಾಡಗೌಡ ಒಂದು ದಿನ ಯೋಚಿಸಿ ಒಬ್ಬ ರೈತನನ್ನು ಕರೆಸಿದ. ಆ ರೈತನಿಗೆ ಒಂದೇ ಭಾಷೆ ಬರುತ್ತಿತ್ತು, ಅದನ್ನೂ ಅವನು ಹೆಚ್ಚಾಗಿ ಎತ್ತುಗಳ ಜೊತೆಗೆ ಆಡುತ್ತಿದ್ದ. ಆದರೆ ಅವನು ನಾಲ್ಕು ಸಲ ಮಣ್ಣು ಹೊತ್ತವನು.

ನಮ್ಮಲ್ಲಿ ಆಗ ಒಂದು ಪದ್ಧತಿ ಇತ್ತು. ಈಗ ಬಿಟ್ಟುಹೋಗಿದೆ, ಬಿಡಬಾರದಿತ್ತು. ಇಬ್ಬರಿಗೆ ಹೊಲದ ಗಡಿಯ ವ್ಯಾಜ್ಯ ಬಂದರೆ ಸಾಕ್ಷಿಯವನು ಕಟ್ಟೆಯ ಮೇಲೆ ಕುಳಿತು ಸಾಕ್ಷಿ ಹೇಳುವಂತಿರಲಿಲ್ಲ. ಆ ಹೊಲದ ಹಸಿಮಣ್ಣನ್ನು ತಲೆಯ ಮೇಲೆ ಹೊತ್ತು, ಬರಿಗಾಲಿನಲ್ಲಿ ಗಡಿಯುದ್ದಕ್ಕೂ ನಡೆಯಬೇಕಿತ್ತು. ಅವನು ನಡೆದದ್ದೇ ಗಡಿ. ತಲೆಗೂ ಮಣ್ಣಿಗೂ ನಡುವೆ ರುಮಾಲಾಗಲಿ ಸಿಂಬಿಯಾಗಲಿ ಇರಕೂಡದು. ಕೆಸರು ಹಣೆಯ ಮೇಲೆ, ಕಿವಿಯ ಮೇಲೆ ಇಳಿಯುತ್ತಿತ್ತು. ಮಣ್ಣು ಹೊತ್ತು ಸುಳ್ಳು ನಡೆದವನ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಈ ರೈತ ನಾಲ್ಕನೆಯ ಸಲ ಮಣ್ಣು ಹೊತ್ತಾಗ ಸ್ವಂತ ಅಣ್ಣನ ವಿರುದ್ಧ ನಡೆದಿದ್ದ. ಅಣ್ಣ ಆರು ವರ್ಷ ಮಾತು ಬಿಟ್ಟಿದ್ದ. ಏಳನೆಯ ವರ್ಷ ತನ್ನ ಮಕ್ಕಳಿಗೆ ಹೊಲ ಪಾಲು ಮಾಡಬೇಕಾದಾಗ ಇವನನ್ನೇ ಕರೆದಿದ್ದ.

ರೈತ ಸಭೆಗೆ ಹೋದ. ಅಲ್ಲಿ ಹದಿನೇಳು ದೇಶದವರು ಕುಳಿತಿದ್ದರು. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಒಬ್ಬ, ಎರಡೂ ಕಡೆ ನ್ಯಾಯವಿದೆ ಎಂದ. ಇನ್ನೊಬ್ಬ, ಕೆರೆ ಎಂದರೆ ನೀರು, ನೀರಿಗೆ ಗಡಿ ಎಲ್ಲಿದೆ ಎಂದು ತತ್ವ ಹೇಳಿದ. ಮತ್ತೊಬ್ಬನಿಗೆ ಅವನ ಸರದಿ ಬಂದಾಗಲೇ ಕೆಮ್ಮು ಬಂತು. ಪಡುವಣ ಅರಸ ಮಾತ್ರ ಮೂಡಣದವನನ್ನು ಕಳ್ಳ ಎಂದು ಜರೆದ. ಅವನಿಗೆ ಕೆರೆಯ ಚಿಂತೆ ಇರಲಿಲ್ಲ, ಜರೆಯುವ ಚಿಂತೆ ಇತ್ತು. ಕೊನೆಗೆ ನಮ್ಮ ರೈತನ ಸರದಿ ಬಂತು. ಅವನು ಎದ್ದು ನಿಂತ.

“ನಮ್ಮ ಕಡೆ ಗಡಿ ಮಾತು ಕೂತ್ಕೊಂಡು ಆಡೋದಿಲ್ಲ, ಸ್ವಾಮಿ. ಕೆರೆ ಹತ್ರ ಹೋಗಿ ಬರ್ತೀನಿ. ಮೂರು ದಿನ ಕೊಡಿ.”

ಸಭೆ ನಕ್ಕಿತು. ಮೂಡಣದ ಮಂತ್ರಿ ನಗಲಿಲ್ಲ. ಅವನು ಬುದ್ಧಿವಂತ.

“ಏನಯ್ಯ ರೈತ, ನಿಮ್ಮ ದೇಶಕ್ಕೆ ಉಪ್ಪು ಬರುವುದು ಯಾವ ದಾರಿಯಲ್ಲಿ?” ಎಂದು ಕೇಳಿದ.

“ನಿಮ್ಮ ದಾರೀಲೇ, ಬುದ್ಧಿ.”

“ನೆನಪಿದೆಯಲ್ಲ?”

“ದಿನಾ ಉಣ್ಣೋವಾಗ ನೆನೀತೀವಿ. ಆದ್ರೆ ಆ ಕಲ್ಲುಗಳನ್ನ ಉಪ್ಪಿನ ಮೇಲೆ ನೆಟ್ಟಿಲ್ಲವಲ್ಲ. ಮಣ್ಣಿನ ಮೇಲೆ ತಾನೆ ನೆಟ್ಟಿರೋದು?”

ಹೀಗೆಂದು ರೈತ ತನ್ನ ರುಮಾಲನ್ನು ಬಿಚ್ಚಿದ. ಇಡಲು ಜಾಗ ಕಾಣದೆ ಅದನ್ನು ಮಂತ್ರಿಯ ಕೈಗೇ ಕೊಟ್ಟು ಹೊರಟ. ಮಂತ್ರಿ ಅದನ್ನು ಮೂರು ದಿನ ಇಟ್ಟುಕೊಂಡಿದ್ದ ಎಂದು ಹೇಳುತ್ತಾರೆ.

ರೈತನನ್ನು ಗಡಿಯಲ್ಲಿ ಯಾರೂ ತಡೆಯಲಿಲ್ಲ. ತಲೆಯ ಮೇಲೆ ಕೆಸರು ಹೊತ್ತವನನ್ನು ಕಂಡು ಕಾವಲುಗಾರರು ಅವನು ಕೆರೆಯ ಹೂಳು ತೆಗೆಯುವ ಆಳು ಎಂದುಕೊಂಡರು. ಅವನು ಮೊದಲು ಹೊಸದಾಗಿ ನೆಟ್ಟ ಕಲ್ಲುಗಳ ಬುಡ ಕೆದಕಿದ. ಅಲ್ಲಿ ಬರೀ ಮಣ್ಣಿತ್ತು. ಆಮೇಲೆ ಕೆರೆಯ ಈಚೆಗೆ ಬಂದು, ಹುಲ್ಲು ತೆಳ್ಳಗೆ ಬೆಳೆದಿದ್ದ ಕಡೆ ಕೆದಕಿದ. ಮೊಳದಾಳದಲ್ಲಿ ಇದ್ದಿಲು ಸಿಕ್ಕಿತು, ಮಡಕೆಯ ಚೂರು ಸಿಕ್ಕಿತು. ಹಿಂದಿನವರು ಗಡಿಕಲ್ಲು ನೆಡುವಾಗ ಅದರ ಅಡಿಯಲ್ಲಿ ಇದ್ದಿಲನ್ನೂ ಬೋಕಿಯನ್ನೂ ಹೂಳುತ್ತಿದ್ದರು. ಅವು ಕೊಳೆಯುವುದಿಲ್ಲ. ಇದು ಉಳುವವರಿಗೆ ಗೊತ್ತಿತ್ತು, ಆಳುವವರಿಗೆ ಗೊತ್ತಿರಲಿಲ್ಲ. ಕಲ್ಲು ಎತ್ತಿಸಿದ ಅರಸ ಇದ್ದಿಲನ್ನು ಅಲ್ಲೇ ಬಿಟ್ಟುಬಿಟ್ಟಿದ್ದ.

ಮೂರನೆಯ ದಿನ ರೈತ ಸಭೆಗೆ ಬಂದ. ಕೆಸರು ಮುಖದ ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ಉತ್ತರೀಯದ ಗಂಟು ಬಿಚ್ಚಿ ಇದ್ದಿಲನ್ನೂ ಬೋಕಿಯನ್ನೂ ನೆಲದ ಮೇಲೆ ಸುರಿದ. ಕೆರೆ ಬಡಗಣದವರದು ಎಂದ. ಬಡಗಣದ ರಾಯಭಾರಿ ಎದ್ದು ಕೈಮುಗಿದ. ರೈತ ಅವನ ಕಡೆ ತಿರುಗಿ, “ತಡೀರಿ, ಇನ್ನೂ ಮುಗಿದಿಲ್ಲ” ಎಂದ. ಮೂಡಲ ಮೂಲೆಯಲ್ಲಿ ಬಡಗಣದವರೂ ಎಂಟು ಮಾರು ಒತ್ತಿ ಉಳುತ್ತಿದ್ದರು. ಅಷ್ಟು ಜಾಗ ಮೂಡಣ ಅರಸನಿಗೆ ಸೇರಬೇಕು ಎಂದ. ಕೈಮುಗಿದವನು ಹಾಗೇ ಕುಳಿತುಕೊಂಡ. ಆಗ, ಸಿದ್ಧರಸ, ಕೆಮ್ಮುತ್ತಿದ್ದವನ ಕೆಮ್ಮು ನಿಂತಿತು. ತತ್ವ ಹೇಳಿದವನು ಇದ್ದಿಲನ್ನು ಕೈಗೆ ತೆಗೆದುಕೊಂಡು ನೋಡಿದ. ಒಬ್ಬರ ಹಿಂದೆ ಒಬ್ಬರು ಹದಿಮೂರು ದೇಶದವರು ಎದ್ದು, ರೈತ ನಡೆದದ್ದೇ ಗಡಿ ಎಂದರು. ಆ ಸಭೆಯಲ್ಲಿ ನಮ್ಮ ದೇಶಕ್ಕಿಂತ ಚಿಕ್ಕದು ಇನ್ನೊಂದಿರಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಈಗಲೂ ಎದೆ ಉಬ್ಬುತ್ತದೆ.

ಮೂಡಣ ಅರಸ ಎದ್ದುಹೋದ. ಎಂಟನೆಯ ದಿನ ಉಪ್ಪಿನ ದಾರಿ ಮುಚ್ಚಿತು.

ಆ ವರ್ಷವನ್ನು ನಮ್ಮವರು ಸಪ್ಪೆ ವರ್ಷ ಎನ್ನುತ್ತಾರೆ. ಮೊದಲ ತಿಂಗಳು ಬಿಗುಮಾನದಲ್ಲಿ ಕಳೆಯಿತು. ಎರಡನೆಯ ತಿಂಗಳು ಬಾಯಿ ಕೆಟ್ಟಿತು. ಹೆಂಗಸರು ಸವಳುಮಣ್ಣನ್ನು ನೆನೆಸಿ, ಸೋಸಿ, ಆ ನೀರನ್ನು ಬಸುರಿಯರಿಗೂ ಹಾಲು ಕೊಡುವ ದನಗಳಿಗೂ ಮೀಸಲಿಟ್ಟರು. ಉಪ್ಪಿನಕಾಯಿ ಹಾಕುವ ಕಾಲ ಬಂತು, ಮಾವಿನಮಿಡಿ ಮರದಲ್ಲೇ ಹಣ್ಣಾಯಿತು. ಹೊಟ್ಟೆನೋವಿನ ಪಂಡಿತ ಈಗ ಗುಣವಾಗಿ ಓಡಾಡುತ್ತ, ಒಬ್ಬ ರೈತನ ನಾಲಿಗೆಯಿಂದ ಊರಿನ ನಾಲಿಗೆಯೆಲ್ಲ ಕೆಟ್ಟಿತು ಎನ್ನುತ್ತಿದ್ದ. ಹೌದೆಂದವರೂ ಇದ್ದರು. ರೈತ ಯಾರಿಗೂ ಎದುರಾಡಲಿಲ್ಲ. ಆದರೆ ಅವನ ಮನೆಯಲ್ಲೂ ಮಗ ತಟ್ಟೆ ನೂಕಿ ಏಳುತ್ತಿದ್ದ. ಅದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಐದನೆಯ ತಿಂಗಳು ಪಡುವಣದ ಬೆಟ್ಟ ಇಳಿದು ನಲವತ್ತು ಹೇರೆತ್ತುಗಳು ಬಂದವು. ಎಲ್ಲವುಗಳ ಬೆನ್ನ ಮೇಲೂ ಉಪ್ಪು. ಜೊತೆಗೆ ಅರಸನ ಓಲೆ. ನಮ್ಮ ವೈರಿಯ ವಿರುದ್ಧ ನುಡಿದ ನೀವು ನಮ್ಮವರು, ಇದು ನಮ್ಮ ಪ್ರೀತಿ ಎಂದು ಬರೆದಿತ್ತು. ಜನ ಓಡಿಬಂದು ಎತ್ತುಗಳನ್ನು ಸುತ್ತುವರಿದರು. ಕೆಲವರು ಗೋಣಿಯ ಹೊರಗೆ ಉದುರಿದ್ದನ್ನು ಬೆರಳಿಗೆ ಹಚ್ಚಿ ನೆಕ್ಕಿದರು. ರೈತನ ಹೆಂಡತಿ ಒಂದು ಹಿಡಿ ತೆಗೆದುಕೊಂಡು ಹೋಗಿ ಮಗನಿಗಿಟ್ಟಿದ್ದ ಗಂಜಿಗೆ ಹಾಕಿಯೇಬಿಟ್ಟಳು.

ನಾಡಗೌಡ ಕಟ್ಟೆಯ ಮೇಲೆ ಓಲೆ ಓದಿ ರೈತನ ಮುಖ ನೋಡಿದ. “ಏನ್ ಮಾಡೋಣಪ್ಪ?” ಎಂದ.

“ನಾವು ಅವರ ವೈರಿ ವಿರುದ್ಧ ನುಡಿಯಲಿಲ್ಲ, ಗೌಡ್ರೇ. ಗಡಿ ಎಲ್ಲಿದೆ ಅಂತ ನುಡಿದ್ವಿ. ಇದನ್ನ ಇಳಿಸಿಕೊಂಡ್ರೆ ನಾನು ಹೊತ್ತ ಮಣ್ಣು ಕೂಲಿಗೆ ಹೊತ್ತ ಹಂಗಾಗ್ತದೆ.”

ಇದನ್ನು ಕೇಳಿ ರೈತನ ಹೆಂಡತಿ ಮನೆಯೊಳಗೆ ಹೋದಳು. ಮಗನ ಮುಂದಿದ್ದ ಗಂಜಿಯ ಪಾತ್ರೆಯನ್ನು ತಂದು, ಎಲ್ಲರೂ ನೋಡುತ್ತಿದ್ದಂತೆ ಎಮ್ಮೆಯ ಬಾನಿಗೆ ಸುರಿದಳು. ಅವಳ ಕಣ್ಣಲ್ಲಿ ನೀರಿತ್ತು. ಅದಾದ ಮೇಲೆ ಒಬ್ಬೊಬ್ಬರಾಗಿ ಜನ ಎತ್ತುಗಳಿಂದ ಹಿಂದೆ ಸರಿದರು. ನಲವತ್ತು ಎತ್ತುಗಳೂ ಹೊತ್ತುಬಂದದ್ದನ್ನು ಹೊತ್ತುಕೊಂಡೇ ಬೆಟ್ಟ ಹತ್ತಿದವು. ಜೊತೆಗೆ ನಾಡಗೌಡ ಒಂದು ಓಲೆ ಕಳಿಸಿದ. ಅರಸರಿಗೆ ನಮಸ್ಕಾರ, ಉಪ್ಪು ಹಿಂದಿರುಗಿಸಿದ್ದೇವೆ, ಒಂದು ಹಿಡಿ ಕಡಿಮೆ ಇದೆ, ಅದನ್ನು ತಿಂದದ್ದು ಒಂದು ಎಮ್ಮೆ, ಆ ಎಮ್ಮೆ ನಿಮ್ಮ ಋಣದಲ್ಲಿದೆ, ನಾವಿಲ್ಲ.

ವರ್ಷ ತುಂಬಿದ ಮೇಲೆ ಒಂದು ದಿನ ಕೆರೆಯ ಕಲ್ಲುಗಳು ಹಳೆಯ ಜಾಗಕ್ಕೆ ಬಂದವು. ಹದಿಮೂರು ದೇಶದವರ ಮಾತನ್ನು ದಿನವೂ ಕೇಳಿಸಿಕೊಂಡು ಬಾಳುವುದು ಅರಸನಿಗೂ ಸುಲಭವಾಗಿರಲಿಲ್ಲ. ಉಪ್ಪಿನ ದಾರಿಯೂ ತೆರೆಯಿತು. ಆ ವರ್ಷ ಹುಟ್ಟಿದ ಮಕ್ಕಳನ್ನು ಸಪ್ಪೆ ವರ್ಷದವರು ಎಂದು ಕರೆದರು. ಅದು ಬೈಗುಳವಲ್ಲ. ಮದುವೆಯ ಮಾತುಕತೆಯಲ್ಲಿ ಹೆಣ್ಣಿನವರು ಅದನ್ನು ಮೊದಲು ಹೇಳುತ್ತಿದ್ದರು.

ಇನ್ನೂ ಹನ್ನೊಂದು ವರ್ಷ ಕಳೆಯಿತು. ಮೂಡಣಕ್ಕೂ ಪಡುವಣಕ್ಕೂ ಒಂದು ಕಣಿವೆಯ ಬಗ್ಗೆ ವ್ಯಾಜ್ಯ ಬಿತ್ತು. ಎರಡೂ ಕಡೆ ದಂಡು ಬಂದು ನಿಂತಿತು. ಒಂದು ಬೆಳಿಗ್ಗೆ ಮೂಡಣದ ಮಂತ್ರಿಯೇ ನಮ್ಮ ಊರಿಗೆ ಬಂದ. ಅವನಿಗೂ ವಯಸ್ಸಾಗಿತ್ತು. ನಾಡಗೌಡನ ಕಟ್ಟೆಯ ಮೇಲೆ ಕುಳಿತು, “ಆ ಮಣ್ಣು ಹೊರುವ ರೈತ ಬದುಕಿದ್ದಾನೆಯೆ? ಅವನನ್ನು ಕಳಿಸಿಕೊಡಿ” ಎಂದ.

“ನಿಮ್ಮ ವಿರುದ್ಧ ಹೇಳಿದವನು ಅವನು. ಮರೆತಿರಾ?” ಎಂದ ನಾಡಗೌಡ.

“ಅದಕ್ಕೇ ಬಂದೆ. ಅವನು ನಮ್ಮ ಪರ ನಡೆದರೆ ಪಡುವಣದವರು ಅನುಮಾನಿಸುವುದಿಲ್ಲ, ಅವರ ಉಪ್ಪು ಹಿಂದಿರುಗಿಸಿದ್ದು ಅವರಿಗೆ ನೆನಪಿದೆ. ಅವನು ನಮ್ಮ ವಿರುದ್ಧ ನಡೆದರೆ ನಾವೂ ಅನುಮಾನಿಸುವುದಿಲ್ಲ. ಹದಿನಾರು ದೇಶ ಹುಡುಕಿದೆವು ಗೌಡರೇ, ಅಂಥವನು ಇನ್ನೊಬ್ಬ ಸಿಗಲಿಲ್ಲ.”

ರೈತ ಮುದುಕನಾಗಿದ್ದ. ಆದರೂ ಹೋದ. ಎರಡು ದಂಡುಗಳ ನಡುವೆ ಬರಿದಲೆಯಲ್ಲಿ ಕಣಿವೆಯ ಮಣ್ಣು ಹೊತ್ತು ಒಂದು ಹಗಲೆಲ್ಲ ನಡೆದ. ಅವನು ನಡೆದ ದಾರಿಯಲ್ಲಿ ಎರಡೂ ಕಡೆಯವರು ಕಲ್ಲು ನೆಟ್ಟರು. ಯಾರ ರಕ್ತವೂ ಬೀಳಲಿಲ್ಲ. ಆ ಕಲ್ಲುಗಳು ಈಗಲೂ ಅಲ್ಲೇ ಇವೆ.

ಗುರುಗಳು ಕತೆ ನಿಲ್ಲಿಸಿದರು. ಬೀಜ ಬಿಡಿಸಿದ ಹುಣಸೆಹಣ್ಣನ್ನು ಒಂದು ಕಡೆ ಕೂಡಿಟ್ಟರು.

ಸಿದ್ಧರಸನ ಮುಖ ಬೆಳಗಿತ್ತು. “ನಮ್ಮ ಅಜ್ಜಿ ಸಪ್ಪೆ ವರ್ಷದವಳು” ಎಂದ. “ಸಾಯುವ ತನಕ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಯಾಕೆಂದು ನಾನು ಕೇಳಿರಲೇ ಇಲ್ಲ. ಗುರುಗಳೇ, ನಮ್ಮ ಮಾತಿಗೆ ಬೆಲೆಯಿಲ್ಲ ಎಂದದ್ದು ತಪ್ಪಾಯಿತು. ನಾನೂ ನಡುಗಡ್ಡೆಗೆ ಹೋಗುತ್ತೇನೆ. ಹೊರಡುವ ಮುಂಚೆ ಮಾಡಬೇಕಾದದ್ದು ಏನಾದರೂ ಇದ್ದರೆ ಹೇಳಿ.”

ಗುರುಗಳು ಮೊದಲ ಸಲ ತಲೆಯೆತ್ತಿ ಅವನ ಜರಿಪೇಟವನ್ನು ನೋಡಿದರು.

“ಅದನ್ನು ಕಳಿಸಿದವರಿಗೆ ಹಿಂದಿರುಗಿಸಿ ಹೋಗು, ಆ ತಲೆಯ ಮೇಲೆ ಮಣ್ಣಿಗೆ ಜಾಗವಿಲ್ಲ.”